‘ಬರ್ತೀನಿ’ ಅಂದ, ಆದ್ರೆ ಅವನಿಗೆ ಬರ್ತಿರಲಿಲ್ಲ: ಒಂದು ಕ್ರಿಯಾಪದದ ಕತೆ

(ಈ ಸಂಚಿಕೆಯನ್ನು ಕೇಳಲು ಮೇಲಿರುವ ಪ್ಲೇ ಬಟನ್ ಒತ್ತಿ. ಓದಲು ಬಯಸುವವರಿಗಾಗಿ ಮಾತಿನ ಬರಹರೂಪ ಇಲ್ಲಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೆ, ಅಡುಗೆಮನೆಯಲ್ಲಿ ಫೋನನ್ನ ಡಬ್ಬಕ್ಕೆ ಒರಗಿಸಿ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತು ನಾವು ಒಂದೇ ಒಂದು ಕ್ರಿಯಾಪದದ ಬಗ್ಗೆ ಮಾತಾಡೋಣ. ಒಂದೇ ಪದಕ್ಕೆ ಇಡೀ ಸಂಚಿಕೆಯಾ ಅಂತ ಕೇಳ್ಬೇಡಿ. ಆ ಒಂದು ಪದ ಸರಿಯಾಗಿ ಅರ್ಥ ಆಗದೆ ಒಬ್ಬ ಹುಡುಗ ತೆಂಗಿನ ಮರದ ಅರ್ಧದಲ್ಲಿ ಸಿಕ್ಕಿಹಾಕ್ಕೊಂಡಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ.

ತಿಪಟೂರು ತಾಲ್ಲೂಕಿನ ಬಿಳಿಗೆರೆಯಲ್ಲಿ ನಮ್ಮ ದೊಡ್ಡಪ್ಪನ ತೋಟ ಇದೆ. ಆ ಕಡೆಯೋರಿಗೆ ತೆಂಗಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಬೇರೆ ಊರಿನೋರಿಗೆ ಎರಡು ಮಾತು: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಸೀಮೆಯಲ್ಲಿ ಬಲಿತ ಕಾಯಿಯನ್ನ ಅಟ್ಟದ ಮೇಲೆ ತಿಂಗಳುಗಟ್ಟಲೆ ಹಾಗೇ ಇಡ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಉಂಡೆ ಕೊಬ್ಬರಿ ಆಗುತ್ತೆ. ಅಲ್ಲಾಡಿಸಿದ್ರೆ ಒಳಗೆ ಗಡಗಡ ಸದ್ದು ಬರುತ್ತೆ. ಆಮೇಲೆ ಸುಲಿದು, ಕರಟ ಒಡೆದು, ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೋಗೋದು. ಈ ಕೆಲಸಕ್ಕೆಲ್ಲ ಊರ ಜನ ಸಾಲದೆ, ಈಗ ಹೊರರಾಜ್ಯದಿಂದಲೂ ಹುಡುಗರು ಬಂದಿದ್ದಾರೆ.

ಅಂಥವನೊಬ್ಬ ಬಿಹಾರದ ಹುಡುಗ. ಇಪ್ಪತ್ತು ವರ್ಷ ಇರಬಹುದು. ದೊಡ್ಡಪ್ಪನ ಕೊಬ್ಬರಿ ಶೆಡ್ಡಿನಲ್ಲಿ ಮೂಟೆ ಹೊರೋ ಕೆಲಸ. ಫೋನಲ್ಲಿ ವಿಡಿಯೊ ನೋಡ್ಕೊಂಡು ತಾನೇ ಕನ್ನಡ ಕಲೀತಿದ್ದ. ಒಂದು ಸಂಜೆ, ಮರುದಿನ ಮರ ಹತ್ತಬೇಕಾಗಿದ್ದೋರು ಆಗಲ್ಲ ಅಂತ ಫೋನ್ ಮಾಡಿದ್ರು. ದೊಡ್ಡಪ್ಪ ಈ ಹುಡುಗನ್ನ ಕೇಳಿದ್ರು: “ಏನಪ್ಪಾ, ಮರ ಹತ್ತಕ್ಕೆ ಬತ್ತೈತಾ?”

ಅವನು ನಗ್ತಾ ಹೇಳಿದ: “ಹೂಂ ಯಜಮಾನ್ರೇ, ಬರ್ತೀನಿ!”

ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಬಂದ. ದೊಡ್ಡಪ್ಪ ಹಳೇ ಮರವೊಂದನ್ನ ತೋರಿಸಿದ್ರು. ಹುಡುಗ ಒಂದು ಸಲ ಮೇಲೆ ನೋಡಿದ, ಒಂದು ಸಲ ದೊಡ್ಡಪ್ಪನ ಮುಖ ನೋಡಿದ. ಯಜಮಾನ್ರು ಹೇಳಿದ್ದಾರೆ, ಇಲ್ಲ ಅನ್ನೋದು ಹೇಗೆ? ಹತ್ತೋಕೆ ಶುರು ಮಾಡೇಬಿಟ್ಟ. ಎರಡಾಳೆತ್ತರ ಹೋಗಿದ್ದಾನೆ, ಅಲ್ಲಿಗೆ ನಿಂತ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಮರ ತಬ್ಬಿಕೊಂಡು ಕಣ್ಣು ಮುಚ್ಚಿದ್ದಾನೆ, ಕಾಲು ನಡುಗ್ತಾ ಇದೆ. ನಾವು ಏಣಿ ತಂದು, ಕಾಲು ಹಿಡಿದು, ಇಳಿಸೋ ಹೊತ್ತಿಗೆ ಅವನ ಎದೆ, ಮೊಣಕೈ ಎಲ್ಲ ತರಚಿ ಹೋಗಿತ್ತು.

ದೊಡ್ಡಪ್ಪನಿಗೆ ಭಯಕ್ಕೋ ಸಿಟ್ಟಿಗೋ ಮಾತು ಜೋರಾಯ್ತು. “ಬರ್ತೀನಿ ಅಂದ್ಯಲ್ಲೋ!”

ಹುಡುಗ ಅಷ್ಟೇ ಗಾಬರಿಯಿಂದ ಹೇಳಿದ: “ಬಂದಿದ್ದೀನಲ್ಲ, ಯಜಮಾನ್ರೇ!”

ನೋಡಿ, ಇಬ್ಬರೂ ಸುಳ್ಳು ಹೇಳಿರಲಿಲ್ಲ. ದೊಡ್ಡಪ್ಪ ಕೇಳಿದ್ದು ‘ನಿನಗೆ ಮರ ಹತ್ತೋ ವಿದ್ಯೆ ಇದೆಯಾ’ ಅಂತ. ಅವನಿಗೆ ಕೇಳಿಸಿದ್ದು ‘ನಾಳೆ ಬರ್ತೀಯಾ’ ಅಂತ. ನಡುವೆ ಇದ್ದದ್ದು ಒಂದೇ ಕ್ರಿಯಾಪದ: ಬರು.

ತಂಗಿಯ ಫೋನು, ಇನ್ನೊಂದು ‘ಬರು’

ಕತೆ ಇಲ್ಲಿಗೆ ಮುಗಿಯಲಿಲ್ಲ. ಅದೇ ದಿನ ಮಧ್ಯಾಹ್ನ ದೊಡ್ಡಪ್ಪನ ಮಗಳು, ಅಂದ್ರೆ ನನ್ನ ತಂಗಿ, ಫೋನ್ ಹಿಡ್ಕೊಂಡು ಬಂದಳು. ಡಿಗ್ರಿ ಕೊನೇ ವರ್ಷ. ಸ್ಪ್ಯಾನಿಷ್ ಬಂದ್ರೆ ಬೆಂಗಳೂರಲ್ಲಿ ಒಳ್ಳೆ ಕೆಲಸ ಸಿಗುತ್ತೆ ಅಂತ ಯಾರೋ ಹೇಳಿದ್ದಾರೆ, ಆ್ಯಪ್‌ನಲ್ಲಿ ಕಲೀತಿದ್ದಾಳೆ. “ಅಣ್ಣ, ಇಲ್ನೋಡು. ‘ಬರು’ ಅನ್ನೋದಕ್ಕೆ ಸ್ಪ್ಯಾನಿಷ್‌ನಲ್ಲಿ ‘ವೆನೀರ್’. ಅಷ್ಟೇ ಆಗಿದ್ರೆ ಪರವಾಗಿಲ್ಲ. ನಾನು ಬರ್ತೀನಿ ಅಂದ್ರೆ ‘ವೆಂಗೊ’, ಅವನು ಬರ್ತಾನೆ ಅಂದ್ರೆ ‘ವಿಯೆನೆ’, ಬಂದ ಅಂದ್ರೆ ‘ವಿನೊ’, ಬಾ ಅಂದ್ರೆ ಬರೀ ‘ವೆನ್’. ಒಂದಕ್ಕೊಂದು ಸಂಬಂಧವೇ ಇಲ್ಲ! ಇದನ್ನೆಲ್ಲ ಯಾರು ಕಲೀತಾರೆ?”

ನಾನು ಕೇಳಿದೆ: “ಕನ್ನಡದಲ್ಲಿ ಬರು ಅನ್ನೋದನ್ನ ಯಾರನ್ನಾದ್ರೂ ಕರೆಯೋವಾಗ ಹೇಗೆ ಹೇಳ್ತೀಯ?”

“ಬಾ.”

“‘ಬರು’ ಎಲ್ಲಿ ಹೋಯ್ತು?”

ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ನಕ್ಕಳು.

ಹುಡುಗ ಕನ್ನಡದ ‘ಬರು’ ಕಲೀತಿದ್ದಾನೆ, ತಂಗಿ ಸ್ಪ್ಯಾನಿಷ್‌ನ ‘ವೆನೀರ್’ ಕಲೀತಿದ್ದಾಳೆ. ಇಬ್ಬರೂ ಕಲೀತಿರೋದು ಇಂಗ್ಲಿಷ್ ಅರ್ಥ ಇಟ್ಕೊಂಡು. ಇಬ್ಬರಿಗೂ ಎಡವಿದ್ದು ಒಂದೇ ಜಾಗದಲ್ಲಿ. ಹಾಗಾಗಿ ಇವತ್ತು ಮೊದಲು ನಮ್ಮ ‘ಬರು’ವನ್ನ ಬಿಚ್ಚಿ ನೋಡೋಣ, ಜೊತೆಗೆ ಅಲ್ಲಲ್ಲಿ ಸ್ಪ್ಯಾನಿಷ್ ಕಡೆಗೂ ಹೋಗಿ ಬರೋಣ.

ಒಂದು ಪದ, ಮೂರು ರೂಪ

ಕನ್ನಡದ ಬಹುಪಾಲು ಕ್ರಿಯಾಪದಗಳು ಹೇಳಿದ ಮಾತು ಕೇಳ್ತವೆ. ಮಾಡು, ಮಾಡಿದ. ಓಡು, ಓಡಿದ. ಹತ್ತು, ಹತ್ತಿದ. ‘ಇದ’ ಸೇರಿಸಿದ್ರೆ ಮುಗೀತು. ಇದೇ ಲೆಕ್ಕದಲ್ಲಿ ‘ಬರು’ಗೆ ‘ಬರಿದ’ ಆಗಬೇಕಿತ್ತು. ಆಗಲ್ಲ. ‘ಬಂದ’ ಆಗುತ್ತೆ.

‘ಬರು’ ಮೂರು ವೇಷ ಹಾಕುತ್ತೆ.

ಮೊದಲನೇದು ‘ಬರ್’. ಈಗ ನಡೀತಿರೋದು, ಮುಂದೆ ನಡೆಯೋದು: ಬರ್ತೀನಿ, ಬರ್ತೀಯ, ಬರ್ತಾನೆ, ಬರ್ತಾಳೆ, ಬರುತ್ತೆ, ಬರ್ತಾರೆ. ಬರಲಿ, ಬರಬೇಕು, ಬರಬೇಡ ಇವೂ ಇದೇ ಗುಂಪು.

ಎರಡನೇದು ‘ಬಂದ್’. ಆಗಿ ಹೋದದ್ದು: ಬಂದೆ, ಬಂದ, ಬಂದಳು, ಬಂದರು. ‘ಅದು’ಗೆ ಬಂದಾಗ ಬರವಣಿಗೆಯಲ್ಲಿ ‘ಬಂದಿತು’, ಬಾಯಲ್ಲಿ ‘ಬಂತು’. ಸ್ವಾರಸ್ಯ ಏನಂದ್ರೆ, ‘ಬಂದಾನು’ ಅಂದ್ರೆ ಬಂದು ಆಗಿಲ್ಲ. ಬಂದರೂ ಬರಬಹುದು ಅಂತ. ಶಾಲೆಯಲ್ಲಿ ಓದಿದ ‘ಸಂಭಾವನಾರ್ಥಕ’ ಅಂದ್ರೆ ಇದೇ.

ಮೂರನೇದು ‘ಬಾ’. ಕರೆಯೋಕೆ: ಬಾ, ಬಾರೋ, ಬಾರೇ, ಬಾಪ್ಪ. ಇಲ್ಲ ಅನ್ನೋಕೂ ಇದೇ ದೀರ್ಘ: ಬಾರದು, ಬಾರದ ಮಳೆ, ಬಾರದ ಸಾಲ. ಗೌರವ ಕೊಟ್ಟು ಕರೆಯೋವಾಗ ‘ಬನ್ನಿ’, ಉತ್ತರ ಕರ್ನಾಟಕದಲ್ಲಿ ‘ಬರ್ರಿ’.

ಕಲಿಯೋರಿಗೆ ಒಂದು ಖುಷಿ ಸುದ್ದಿ: ‘ತರು’ ಇದರ ಒಡಹುಟ್ಟು. ಬರು-ಬಾ-ಬಂದ, ತರು-ತಾ-ತಂದ. ಬರುತ್ತೆ-ತರುತ್ತೆ, ಬನ್ನಿ-ತನ್ನಿ. ಒಂದನ್ನ ಕಲಿತ್ರೆ ಇನ್ನೊಂದು ಪುಕ್ಕಟೆ.

ಅನಿಯಮಿತ ಅನ್ನೋದು ‘ಬರು’ ಒಂದರದ್ದೇ ಚಟ ಅಲ್ಲ. ಹೋಗು ಅಂದ್ರೆ ಹೋದ, ಕೊಡು ಅಂದ್ರೆ ಕೊಟ್ಟ, ನಿಲ್ಲು ಅಂದ್ರೆ ನಿಂತ, ತಿನ್ನು ಅಂದ್ರೆ ತಿಂದ, ಅಳು ಅಂದ್ರೆ ಅತ್ತ. ತೋಟದ ಮಾತೇ ತಗೊಳ್ಳಿ: ಕಾಯಿ ಕೀಳು, ಕಿತ್ತ. ಕಾಯಿ ಬೀಳು, ಬಿತ್ತು. ಬೆಳಿಗ್ಗೆ ಏಳು, ಎದ್ದ. ಪಟ್ಟಿ ನೋಡಿ, ದಿನಾ ಬೆಳಿಗ್ಗೆಯಿಂದ ರಾತ್ರಿವರೆಗೆ ನಾವು ಆಡೋ ಮಾತುಗಳೇ ಎಲ್ಲ.

ಯಾಕೆ ಹೀಗೆ? ಹೆಚ್ಚು ಬಳಸೋ ಪದಗಳೇ ಯಾಕೆ ನಿಯಮ ಮುರೀತವೆ? ಉತ್ತರ ತಿರುವುಮುರುವಾಗಿದೆ. ದಿನಾ ಬಳಸೋದರಿಂದಲೇ ಅವು ತಮ್ಮ ಹಳೇ ರೂಪ ಉಳಿಸ್ಕೊಂಡಿವೆ. ಮಗು ‘ಬಂದ’ ಅನ್ನೋದನ್ನ ದಿನಕ್ಕೆ ನೂರು ಸಲ ಕೇಳುತ್ತೆ, ಮರೆಯೋಕೆ ಆಗಲ್ಲ. ಅಪರೂಪದ ಪದದ ಹಳೇ ರೂಪ ನೆನಪಿರಲ್ಲ, ಜನ ಅದನ್ನ ಸಾಮಾನ್ಯ ನಿಯಮಕ್ಕೆ ತಂದುಬಿಡ್ತಾರೆ. 2007ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಇದರ ಲೆಕ್ಕ ಬಂದಿತ್ತು. ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನ ಸಂಶೋಧಕರು ಹಿಂಬಾಲಿಸಿದ್ರು. ಇವತ್ತಿಗೂ ಅನಿಯಮಿತವಾಗಿ ಉಳಿದಿರೋದು 98. ನೂರು ಪಟ್ಟು ಕಡಿಮೆ ಬಳಕೆಯಾಗೋ ಪದ ಹತ್ತು ಪಟ್ಟು ಬೇಗ ನಿಯಮಕ್ಕೆ ಬರುತ್ತೆ ಅನ್ನೋದು ಅವರು ಕಂಡುಕೊಂಡ ಲೆಕ್ಕ. ಅಂದ್ರೆ ಕಲಿಯೋರಿಗೆ ಪಾಠ ಏನು? ಅನಿಯಮಿತ ಕ್ರಿಯಾಪದ ಕಂಡ್ರೆ ಬೈಕೋಬೇಡಿ. ಇದು ದಿನಾ ಬೇಕಾಗೋ ಪದ ಅಂತ ಅದೇ ಸುಳಿವು ಕೊಡ್ತಿದೆ.

ವೆನೀರ್ ಕೂಡ ಹಾಗೇ. ಸುಮಾರು 20 ದೇಶಗಳ ಅಧಿಕೃತ ಭಾಷೆ ಸ್ಪ್ಯಾನಿಷ್. ಅದರಲ್ಲಿ ‘ವಿ’ ಅಕ್ಷರವನ್ನ ಬರೆಯೋದು ಒಂದು ಥರ, ಮಾತಿನ ಮೊದಲಲ್ಲಿ ಕೇಳಿಸೋದು ‘ಬ’ ಥರ. ಹಾಗಾಗಿ ಕಿವಿಗೆ ಅದು ‘ಬೆನೀರ್’. ನಾನು ಬರ್ತೀನಿ: ಬೆಂಗೊ. ನೀನು ಬರ್ತೀಯ: ಬಿಯೆನೆಸ್. ಅವನು, ಅವಳು, ಅದು ಬರುತ್ತೆ: ಬಿಯೆನೆ. ನಾವು ಬರ್ತೀವಿ: ಬೆನೀಮೊಸ್. ಅವರು ಬರ್ತಾರೆ: ಬಿಯೆನೆನ್. ಬಂದೆ: ಬೀನೆ. ಬಂದ, ಬಂದಳು, ಬಂತು: ಬೀನೊ. ಬಾ: ಬೆನ್. ‘ಬಾ’ ಮತ್ತೆ ‘ಬೆನ್’ ಎರಡೂ ಒಂದೇ ಉಸಿರಿನ ಪದ. ಎರಡು ಭಾಷೆಗೂ ನಂಟಿಲ್ಲ, ಇದು ಬರೀ ಕಾಕತಾಳೀಯ. ಆದ್ರೂ ನೆನಪಿಟ್ಕೊಳ್ಳೋಕೆ ಒಳ್ಳೇ ಕೊಕ್ಕೆ. ಇನ್ನೊಂದು ತಮಾಷೆ: ‘ಬೀನೊ’ ಅಂದ್ರೆ ‘ಬಂದ’ ಅಂತಲೂ ಹೌದು, ದ್ರಾಕ್ಷಿಯ ವೈನ್ ಅಂತಲೂ ಹೌದು.

‘ನಾನು ಬರಲ್ಲ’, ‘ನನಗೆ ಬರಲ್ಲ’

ಈಗ ಮುಖ್ಯ ವಿಷಯ. ಆ ಹುಡುಗ ಎಡವಿದ ಜಾಗ.

“ನಾನು ಬರಲ್ಲ” ಅಂದ್ರೆ ನಾನು ಅಲ್ಲಿಗೆ ಹೆಜ್ಜೆ ಹಾಕಲ್ಲ. “ನನಗೆ ಬರಲ್ಲ” ಅಂದ್ರೆ ಆ ವಿದ್ಯೆ ನನ್ನ ಹತ್ತಿರ ಇಲ್ಲ. ಒಂದರಲ್ಲಿ ಬರೋನು ನಾನು. ಇನ್ನೊಂದರಲ್ಲಿ ಬರೋದು ವಿದ್ಯೆ, ನಾನು ಅದು ಬಂದು ಸೇರೋ ಜಾಗ. ‘ಗೆ’ ಅನ್ನೋ ಒಂದು ಅಕ್ಷರ ಇಡೀ ವಾಕ್ಯವನ್ನ ತಿರುಗಿಸಿಬಿಡುತ್ತೆ.

ಇಲ್ಲಿ ಎರಡು ತೊಡಕು ಇದೆ. ಒಂದು, ಆಡುಮಾತಲ್ಲಿ ‘ನಾನು’, ‘ನನಗೆ’ ಎರಡನ್ನೂ ನಾವು ನುಂಗಿಬಿಡ್ತೀವಿ. ಎರಡು, ‘ಬರಲ್ಲ’ ಅನ್ನೋ ರೂಪ ಎಲ್ಲರಿಗೂ ಒಂದೇ. ನಾನು ಬರಲ್ಲ, ನೀನು ಬರಲ್ಲ, ಅದು ಬರಲ್ಲ. “ಈಜೋಕೆ ಬರಲ್ಲ” ಅಂತ ಯಾರಾದ್ರೂ ಅಂದ್ರೆ, ಅವರಿಗೆ ಈಜು ಗೊತ್ತಿಲ್ಲವೋ ಅಥವಾ ಇವತ್ತು ಕೆರೆಗೆ ಬರೋ ಮನಸ್ಸಿಲ್ಲವೋ? ಸಂದರ್ಭ ನೋಡಿ ನಾವು ಹೇಳ್ತೀವಿ. ಹೊಸಬರಿಗೆ ಸಂದರ್ಭ ಎಲ್ಲಿಂದ ಸಿಗಬೇಕು?

ಆದ್ರೆ ಪ್ರಶ್ನೆಯಲ್ಲಿ ಒಂದು ಕೀಲಿ ಇದೆ. “ಹತ್ತೋಕೆ ಬರ್ತೀಯಾ?” ಅಂದ್ರೆ ನಿನ್ನ ಬರುವಿಕೆಯ ಪ್ರಶ್ನೆ. “ಹತ್ತೋಕೆ ಬರುತ್ತಾ?” ಅಂದ್ರೆ ವಿದ್ಯೆಯ ಪ್ರಶ್ನೆ. ಕೊನೆಯ ‘ತೀಯಾ’, ‘ತ್ತಾ’ ಕೇಳಿಸ್ಕೊಂಡ್ರೆ ಸಾಕು. ತುಮಕೂರು ಸೀಮೆಯ ಬಾಯಲ್ಲಿ ಇವೇ ‘ಬತ್ತೀಯಾ’, ‘ಬತ್ತೈತಾ’ ಆಗ್ತವೆ. ವಿಡಿಯೊ ನೋಡಿ ಪಟ್ಟಣದ ಕನ್ನಡ ಕಲಿತ ಹುಡುಗನಿಗೆ ‘ಬತ್ತೈತಾ’ ಅನ್ನೋದರಲ್ಲಿ ಕೇಳಿಸಿದ್ದು ‘ಬ’ ಮತ್ತೆ ‘ತ’ ಅಷ್ಟೇ. ಉಳಿದದ್ದನ್ನ ಊಹೆ ಮಾಡ್ಕೊಂಡ.

ಇನ್ನೂ ಬೇಸರದ ಸಂಗತಿ ಹೇಳ್ತೀನಿ. ಅವನಿಗೆ ಇದು ಕಷ್ಟ ಆಗಬೇಕಾಗೇ ಇರಲಿಲ್ಲ. ಮರದಿಂದ ಇಳಿಸಿದ ಮೇಲೆ ನಾನು ನನ್ನ ಹರುಕು ಹಿಂದಿಯಲ್ಲಿ ಕೇಳಿದೆ: “ಪೇಡ್ ಪರ್ ಚಢ್‌ನಾ ಆತಾ ಹೈ?” ತಟ್ಟನೆ ಉತ್ತರ: “ನಹೀಂ ಆತಾ.” ಗಮನಿಸಿದ್ರಾ? ಹಿಂದಿಯಲ್ಲೂ ವಿದ್ಯೆ ‘ಬರುತ್ತೆ’. “ಮುಝೆ ತೈರ್‌ನಾ ಆತಾ ಹೈ”, ನನಗೆ ಈಜೋಕೆ ಬರುತ್ತೆ. ತೆಲುಗಿನೋರು “ನಾಕು ತೆಲುಗು ವಚ್ಚು” ಅಂತಾರೆ, ಮರಾಠಿಯೋರು “ಮಲಾ ಮರಾಠೀ ಯೇತೇ” ಅಂತಾರೆ. ಎಲ್ಲದರಲ್ಲೂ ಭಾಷೆ ಬರುತ್ತೆ, ಮನುಷ್ಯನಿಗೆ ಬರುತ್ತೆ. ಬೇರೆ ಬೇರೆ ಭಾಷಾ ಕುಟುಂಬಗಳೇ ಆದ್ರೂ ಸಾವಿರಾರು ವರ್ಷ ಅಕ್ಕಪಕ್ಕ ಬಾಳಿ ನಮ್ಮ ದೇಶದ ಭಾಷೆಗಳು ಹೀಗೆ ಒಂದನ್ನೊಂದು ಹೋಲೋಕೆ ಶುರು ಮಾಡಿವೆ. ಕೊಡವ ಭಾಷೆಯನ್ನ ಅಧ್ಯಯನ ಮಾಡಿದ ಭಾಷಾವಿಜ್ಞಾನಿ ಎಮೆನೋ, ಭಾರತವನ್ನ ಒಂದು ಭಾಷಾ ಪ್ರದೇಶವಾಗಿ ನೋಡಬೇಕು ಅಂತ 1956ರಲ್ಲೇ ಬರೆದಿದ್ದರು.

ಹುಡುಗನ ಹತ್ತಿರ ಸೇತುವೆ ಇತ್ತು. ಆದ್ರೆ ಅವನು ನೋಡಿದ ವಿಡಿಯೊ ಕನ್ನಡದ ‘ಬರು’ ಅಂದ್ರೆ ಇಂಗ್ಲಿಷಿನ ‘ಕಮ್’ ಅಂತ ಹೇಳಿಕೊಟ್ಟಿತ್ತು. ಇಂಗ್ಲಿಷಿನ ‘ಕಮ್’ನಲ್ಲಿ ಈಜು ಬರಲ್ಲ, ಹಾಡು ಬರಲ್ಲ. ಎರಡು ಮನೆಗಳ ನಡುವೆ ಬಾಗಿಲಿದ್ದರೂ ಅವನು ಊರು ಸುತ್ತಿಕೊಂಡು ಹೋದ ಹಾಗಾಯ್ತು.

ಇಲ್ಲೇ ‘ಗೊತ್ತು’ ಮತ್ತೆ ‘ಬರುತ್ತೆ’ ವ್ಯತ್ಯಾಸವನ್ನೂ ಹೇಳಿಬಿಡ್ತೀನಿ. ಬೆಂಗಳೂರಿಗೆ ಬಂದೋರು ಮೊದಲು ಕಲಿಯೋ ವಾಕ್ಯ “ಕನ್ನಡ ಗೊತ್ತಿಲ್ಲ”. ತಪ್ಪಲ್ಲ. ಆದ್ರೆ ಗೊತ್ತು ಅಂದ್ರೆ ಮಾಹಿತಿ, ಬರುತ್ತೆ ಅಂದ್ರೆ ಕೈಗೆ, ಬಾಯಿಗೆ ಹತ್ತಿದ್ದು. ಮರ ಹೇಗೆ ಹತ್ತೋದು ಅಂತ ನನಗೆ ಗೊತ್ತು, ನೂರು ಸಲ ನೋಡಿದ್ದೀನಿ. ಮರ ಹತ್ತೋಕೆ ನನಗೆ ಬರಲ್ಲ. ಸ್ಪ್ಯಾನಿಷ್‌ನಲ್ಲಿ ವಿದ್ಯೆಗೆ ‘ವೆನೀರ್’ ಬಳಸಲ್ಲ, ಅದಕ್ಕೆ ‘ಸಾಬೆರ್’ ಅನ್ನೋ ಬೇರೆ ಪದ ಇದೆ. “ಸೆ ನಾದಾರ್” ಅಂದ್ರೆ ನನಗೆ ಈಜೋಕೆ ಬರುತ್ತೆ. ಅಲ್ಲಿ ಕರ್ತೃ ‘ನಾನು’. ಹಾಗಾಗಿ ನಮ್ಮ ತಂಗಿ ಥರ ಕಲಿಯೋರು ಇಲ್ಲಿ ಎಚ್ಚರ ಇರಬೇಕು. ‘ಬರು’ ಎಲ್ಲಾ ಕಡೆ ‘ವೆನೀರ್’ ಆಗಲ್ಲ.

ನಮಗೆ ಏನೇನು ಬರುತ್ತೆ?

‘ನನಗೆ’ ಜೊತೆಗಿನ ‘ಬರು’ ವಿದ್ಯೆಗೆ ಮಾತ್ರ ಅಲ್ಲ. ಜ್ವರ ಬಂತು, ನಿದ್ದೆ ಬಂತು, ಸಿಟ್ಟು ಬಂತು, ಅಳು ಬಂತು, ನಗು ಬಂತು, ನೆನಪು ಬಂತು, ಧೈರ್ಯ ಬಂತು. ಜಾತ್ರೆಯಲ್ಲಿ ಮೈಮೇಲೆ ದೇವರು ಬರುತ್ತೆ. ಇದನ್ನೆಲ್ಲ ನಾವು ಮಾಡ್ತಿಲ್ಲ, ಹೊರಗಿಂದ ಬಂದು ನಮ್ಮನ್ನ ಸೇರ್ತವೆ ಅನ್ನೋ ಹಾಗೆ ಕನ್ನಡ ಮಾತಾಡುತ್ತೆ. ಬಂದದ್ದು ಹೋಗಲೂಬಹುದು: ಸಿಟ್ಟು ಬಂತು, ಹೋಯ್ತು.

ಸ್ಪ್ಯಾನಿಷ್‌ನೋರಿಗೆ ನಿದ್ದೆ ಬಂದ್ರೆ “ತೆಂಗೊ ಸ್ವೆನ್ಯೊ” ಅಂತಾರೆ. ಪದಶಃ ‘ನನ್ನ ಹತ್ತಿರ ನಿದ್ದೆ ಇದೆ’. ಹೌದು, ‘ತೆಂಗೊ’! ನಮ್ಮ ತೆಂಗಿನ ಸೀಮೆಯೋರು ಮರೆಯೋ ಹಾಗೇ ಇಲ್ಲ. ‘ತೆನೇರ್’, ಅಂದ್ರೆ ಹೊಂದಿರು, ಅನ್ನೋ ಕ್ರಿಯಾಪದದ ‘ನಾನು’ ರೂಪ ಅದು. ಹಸಿವು, ಬಾಯಾರಿಕೆ, ಭಯ, ಜ್ವರ ಎಲ್ಲಕ್ಕೂ ‘ತೆಂಗೊ’. ತೆಂಗೊ, ಬೆಂಗೊ ಎರಡೂ ಒಂದೇ ಅಚ್ಚಿನವು, ನಮ್ಮ ತಂದ, ಬಂದ ಇದ್ದ ಹಾಗೆ. ಆದ್ರೆ ಅವರಲ್ಲೂ ನಮ್ಮ ದಾರಿಗೆ ಹತ್ತಿರದ ಮಾತೊಂದಿದೆ: “ಮೆ ಎಂತ್ರಾ ಸ್ವೆನ್ಯೊ”, ನನ್ನೊಳಗೆ ನಿದ್ದೆ ನುಗ್ತಿದೆ. ಹಾಗೇ “ಮೆ ಗುಸ್ತಾ” ಅನ್ನೋದನ್ನ ಇಂಗ್ಲಿಷ್ ಮೂಲಕ ಕಲಿತೋರು ಒದ್ದಾಡ್ತಾರೆ. ಕನ್ನಡದ ಮೂಲಕ ಕಲಿತ್ರೆ “ನನಗೆ ಇಷ್ಟ”. ಮುಗೀತು.

ತೋಟದೋರಿಗೆ ‘ಬರು’ ಅಂದ್ರೆ ಲೆಕ್ಕವೂ ಹೌದು. “ಈ ಸಲ ಮರಕ್ಕೆ ಎಷ್ಟು ಕಾಯಿ ಬಂತು?” “ಸಾವಿರ ಕಾಯಿಗೆ ಎಷ್ಟು ಕೊಬ್ಬರಿ ಬರುತ್ತೆ?” “ರೇಟ್ ಬಂದಾಗ ಮಾರೋಣ.” ಫಸಲು, ದುಡ್ಡು, ಬಾಡಿಗೆ, ಸಂಬಳ ಎಲ್ಲ ಬರುತ್ತೆ. ಬರದೇ ಇದ್ದದ್ದಕ್ಕೂ ಪದ ಇದೆ: “ಅವನಿಂದ ಇನ್ನೂ ಬರಬೇಕು”. ಇಲ್ಲಿ ಬರಬೇಕಾಗಿರೋದು ಮನುಷ್ಯ ಅಲ್ಲ, ದುಡ್ಡು.

ಬಹುದು, ಬಾರದು: ಅಡಗಿ ಕೂತ ‘ಬರು’

ಈಗ ಒಂದು ಆಟ. “ಇಲ್ಲಿ ಗಾಡಿ ನಿಲ್ಲಿಸಬಾರದು.” “ಒಳಗೆ ಹೋಗಬಹುದು.” ಈ ಎರಡು ವಾಕ್ಯದಲ್ಲಿ ‘ಬರು’ ಎಲ್ಲಿದೆ ಹೇಳಿ?

ಎರಡರಲ್ಲೂ ಇದೆ. ‘ನಿಲ್ಲಿಸಬಾರದು’ ಅನ್ನೋದರ ಬಾಲದಲ್ಲಿರೋದು ‘ಬಾರದು’, ಅಂದ್ರೆ ‘ಬರುವುದಿಲ್ಲ’. ‘ಬಹುದು’ ಇನ್ನೂ ಚೆನ್ನಾಗಿ ವೇಷ ಮರೆಸಿದೆ. ಹಳಗನ್ನಡದ ‘ಬರ್ಪುದು’ ಸವೆದು ‘ಬಪ್ಪುದು’ ಆಗಿ, ಆಮೇಲೆ ‘ಬಹುದು’ ಆಯ್ತು. ಅದರ ಅರ್ಥ ‘ಬರುವುದು’. ಅಂದ್ರೆ ಕನ್ನಡದಲ್ಲಿ ಒಪ್ಪಿಗೆ ಕೊಡೋದೂ ‘ಬರು’, ಬೇಡ ಅನ್ನೋದೂ ‘ಬರು’. ಈ ಲೆಕ್ಕದಲ್ಲಿ “ಅವನು ಬರಬಹುದು” ಅನ್ನೋದರಲ್ಲಿ ‘ಬರು’ ಎರಡು ಸಲ ಇದೆ. “ಬರಬಾರದು” ಅನ್ನೋದರಲ್ಲೂ ಎರಡು ಸಲ.

ಮಾತಿನ ನಡುವೆ ಇನ್ನೊಂದು ಕಡೆ ಅದು ಅಡಗಿದೆ. “ಅದು ಬಂದ್ಬಿಟ್ಟು ಏನಂದ್ರೆ...” ಅಂತ ನಾವೆಲ್ಲ ಮಾತು ಎಳೀತೀವಲ್ಲ, ಅಲ್ಲಿ ಯಾರೂ ಬಂದಿಲ್ಲ. ಯೋಚನೆಗೆ ಟೈಮ್ ಬೇಕು, ಅಷ್ಟೇ. ತಮಿಳರೂ ಇದೇ ಜಾಗದಲ್ಲಿ ‘ವಂದು’ ಅಂತಾರೆ. ಅವರ ‘ವ’ ನಮ್ಮ ‘ಬ’.

ಹೇಳ್ಕೊಂಡು ಬಂದದ್ದು, ಹೋಗಿ ಬರೋದು

“ನಮ್ಮ ತಾತನ ಕಾಲದಿಂದ ಹೀಗೇ ಮಾಡ್ಕೊಂಡು ಬಂದಿದ್ದೀವಿ.” ಇಲ್ಲಿ ‘ಬಂದಿದ್ದೀವಿ’ ಅಂದ್ರೆ ಕಾಲದಲ್ಲಿ ನಡೆದು ಬರೋದು. ಹಿಂದೆ ಶುರುವಾಗಿ ಈಗಿನವರೆಗೆ ನಿಂತಿಲ್ಲ ಅಂತ. ಇಂಗ್ಲಿಷಿನ ‘ಕಮ್’ಗೆ ಈ ಕೆಲಸ ಬರಲ್ಲ. ಸ್ಪ್ಯಾನಿಷ್‌ಗೆ ಬರುತ್ತೆ! “ಬೆಂಗೊ ದಿಸಿಯೆಂದೊ” ಅಂದ್ರೆ ‘ನಾನು ಹೇಳ್ಕೊಂಡು ಬರ್ತಿದ್ದೀನಿ’, ಇವತ್ತು ನಿನ್ನೆಯಿಂದಲ್ಲ, ಎಷ್ಟೋ ದಿನದಿಂದ. ಹೇಳ್ಕೊಂಡು ಅನ್ನೋ ಜಾಗಕ್ಕೆ ‘ದಿಸಿಯೆಂದೊ’, ಬರ್ತಿದ್ದೀನಿ ಅನ್ನೋ ಜಾಗಕ್ಕೆ ‘ಬೆಂಗೊ’. ಪದದ ಕ್ರಮ ಮಾತ್ರ ಹಿಂದುಮುಂದು. ತಂಗಿಗೆ ಇದನ್ನ ಹೇಳಿದಾಗ, ಆ್ಯಪ್‌ನಲ್ಲಿ ಎರಡು ದಿನ ತಲೆಕೆಡಿಸಿಕೊಂಡಿದ್ದ ಪಾಠ ಎರಡು ನಿಮಿಷಕ್ಕೆ ಇಳೀತು.

ಇನ್ನೊಂದು ಕಡೆ ಎರಡು ಭಾಷೆ ಬೇರೆ ದಾರಿ ಹಿಡೀತವೆ. ಫೋನಲ್ಲಿ ಗೆಳೆಯ “ಎಲ್ಲಿದ್ದೀಯೋ, ಬರ್ತೀಯಾ?” ಅಂದ್ರೆ ನಾವು “ಬಂದೆ ಬಂದೆ, ಐದು ನಿಮಿಷ” ಅಂತೀವಿ. ಇನ್ನೂ ಸ್ನಾನವೂ ಆಗಿರಲ್ಲ, ಆದ್ರೂ ‘ಬಂದೆ’! ಬೇಗ ಬರ್ತೀನಿ ಅನ್ನೋ ಭರವಸೆಗೆ ಕನ್ನಡ ಭೂತಕಾಲವನ್ನೇ ಅಡ ಇಡುತ್ತೆ. ಸ್ಪ್ಯಾನಿಷ್‌ನೋರು ಇದೇ ಜಾಗದಲ್ಲಿ “ಯಾ ವೊಯ್” ಅಂತಾರೆ, ಅಂದ್ರೆ ‘ಇಗೋ ಹೋಗ್ತೀನಿ’. ಅವರಿಗೆ ‘ಬರು’ ಅನ್ನೋದು ಮಾತಾಡೋನು ಇರೋ ಜಾಗದ ಕಡೆಗೆ ಮಾತ್ರ. ನಮಗೆ ಕೇಳೋನು ಇರೋ ಜಾಗದ ಕಡೆಗೂ ಆಗುತ್ತೆ. ಇಲ್ಲಿ ‘ಬೆಂಗೊ’ ಅಂದ್ರೆ ಅವರಿಗೆ ವಿಚಿತ್ರವಾಗಿ ಕೇಳುತ್ತೆ.

ಇನ್ನು ಮನೆ ಬಿಡೋವಾಗ. “ಹೋಗ್ತೀನಿ” ಅಂದ್ರೆ ಅಜ್ಜಿ ಬೈತಾರೆ. “ಹೋಗಿ ಬರ್ತೀನಿ” ಅನ್ನಬೇಕು. ಕಳಿಸೋರು “ಹೋಗಿ ಬಾ” ಅನ್ನಬೇಕು. ಯಾವ ಕೋರ್ಸಿನ ಪಾಠದಲ್ಲೂ ಇದು ವ್ಯಾಕರಣ ಅಂತ ಸಿಗಲ್ಲ, ಆದ್ರೆ ತಪ್ಪಿದ್ರೆ ಮನೆಯೋರಿಗೆ ಮನಸ್ಸು ಚುರ್ ಅನ್ನುತ್ತೆ.

ಈ ಮಣ್ಣಿನ ವ್ಯಾಕರಣ

ತೆಂಗಿನ ಸೀಮೆಗೂ ವ್ಯಾಕರಣಕ್ಕೂ ಏನು ಸಂಬಂಧ ಅಂತೀರಾ? ಹತ್ತಿರದ ಸಂಬಂಧವೇ ಇದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯ, ನಾವೆಲ್ಲ ತೀನಂಶ್ರೀ ಅನ್ನೋರು, ‘ಕನ್ನಡ ಮಧ್ಯಮ ವ್ಯಾಕರಣ’ ಬರೆದರು. ತಲೆಮಾರುಗಟ್ಟಲೆ ವಿದ್ಯಾರ್ಥಿಗಳು ಕನ್ನಡದ ಕ್ರಿಯಾಪದಗಳನ್ನ ಕಲಿತದ್ದು ಆ ಪುಸ್ತಕದಿಂದ. ‘ಭಾರತೀಯ ಕಾವ್ಯಮೀಮಾಂಸೆ’ ಬರೆದವರೂ ಅವರೇ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯ ‘ಇಂಗ್ಲಿಷ್ ಗೀತಗಳು’ ಮೂಲಕ ಬೇರೆ ಭಾಷೆಯ ಕವಿತೆಯನ್ನ ಕನ್ನಡದ ಉಸಿರಲ್ಲೇ ಹಾಡಬಹುದು ಅಂತ ತೋರಿಸಿದರು. ಒಬ್ಬರು ಭಾಷೆಯ ಒಳಗಿನ ಕಟ್ಟು ತೋರಿಸಿದರು, ಇನ್ನೊಬ್ಬರು ಹೊರಗಿನದನ್ನ ಒಳಗೆ ತರೋ ದಾರಿ ತೋರಿಸಿದರು. ಕಲಿಯೋರಿಗೆ ಎರಡೂ ಬೇಕು.

ಹೊರಗಿಂದ ಬಂದು ಕನ್ನಡ ಕಲಿತೋರನ್ನೂ ಮರೆಯೋ ಹಾಗಿಲ್ಲ. 1853ರಲ್ಲಿ ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರೂ ಒಂದು ಕಾಲದಲ್ಲಿ ಬಾ, ಬರು, ಬಂದ ಅಂತ ಬಾಯಿಪಾಠ ಮಾಡಿದ್ದವರೇ ಇರಬೇಕು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ನಾವು ಇವತ್ತಿಗೂ ಅದನ್ನ ತೆರೆದು ನೋಡ್ತೀವಿ.

ಮನೆಗೆ 4 ಕೆಲಸ

ಒಂದು, ಕನ್ನಡ ಕಲೀತಿರೋ ಗೆಳೆಯರಿದ್ರೆ ‘ಬರು’ ಅಂದ್ರೆ ‘ಕಮ್’ ಅಂತ ಹೇಳಿ ಬಿಟ್ಟುಬಿಡಬೇಡಿ. ಅವರ ಭಾಷೆಯಲ್ಲಿ ವಿದ್ಯೆ ‘ಬರುತ್ತಾ’ ಅಂತ ಕೇಳಿ. ಹಿಂದಿ, ಮರಾಠಿ, ತೆಲುಗು ಆದ್ರೆ ಸೇತುವೆ ಆಗಲೇ ಇದೆ.

ಎರಡು, ಹೊಸ ಭಾಷೆ ಕಲೀತಿದ್ರೆ, ಒಂದು ಕ್ರಿಯಾಪದದ ಮೂರು ರೂಪ ಬರೆದಿಟ್ಕೊಳ್ಳಿ: ಈಗ, ಆಗ, ಕರೆಯೋ ರೂಪ. ಬರ್ತೀನಿ-ಬಂದೆ-ಬಾ. ಬೆಂಗೊ-ಬೀನೆ-ಬೆನ್. ಪಟ್ಟಿಯನ್ನ ಬಾಯಿಪಾಠ ಮಾಡೋ ಬದಲು ಪ್ರತಿ ರೂಪಕ್ಕೂ ನಿಮ್ಮ ಮನೇದೇ ಒಂದು ವಾಕ್ಯ ಕಟ್ಟಿ.

ಮೂರು, ಇಂಗ್ಲಿಷ್ ಅರ್ಥ ಓದಿದ ಮೇಲೆ ಒಂದು ಸಲ ಕನ್ನಡದಲ್ಲಿ ಹೇಳಿ ನೋಡಿ. ಎಷ್ಟೋ ಸಲ ಕಷ್ಟದ ಪಾಠ ನಮ್ಮ ಅಡುಗೆಮನೆಯ ಮಾತೇ ಆಗಿರುತ್ತೆ.

ನಾಲ್ಕು, ಇದು ತೋಟದೋರಿಗೆ, ಶೆಡ್ಡಿನೋರಿಗೆ, ಕಟ್ಟಡದ ಕೆಲಸದೋರಿಗೆ. ಅಪಾಯದ ಕೆಲಸ ಹೇಳೋವಾಗ “ಬರುತ್ತಾ?” ಅಂತ ಒಂದೇ ಪದದಲ್ಲಿ ಕೇಳಬೇಡಿ. “ಮುಂಚೆ ಮಾಡಿದ್ದೀಯಾ? ಎಷ್ಟು ಮರ ಹತ್ತಿದ್ದೀಯಾ?” ಅಂತ ಕೇಳಿ. ಯಜಮಾನ್ರ ಮುಂದೆ ‘ಹೂಂ’ ಅನ್ನೋದು ಸುಲಭ, ‘ಇಲ್ಲ’ ಅನ್ನೋದು ಕಷ್ಟ. ಅವನು ಅಂದ ‘ಹೂಂ’ ಯಾವ ಪ್ರಶ್ನೆಗೆ ಉತ್ತರ ಅಂತ ತಿಳ್ಕೊಳ್ಳೋದು ಕೆಲಸ ಕೊಡೋರ ಜವಾಬ್ದಾರಿ. ಭಾಷೆ ಬರದೇ ಇದ್ದದ್ದು ಅವನ ತಪ್ಪು ಅಂತ ಕೈ ತೊಳ್ಕೊಳ್ಳೋ ಹಾಗಿಲ್ಲ.

ದೊಡ್ಡಪ್ಪ ಈಗ ಹಾಗೇ ಕೇಳ್ತಾರೆ. ಅವತ್ತು ತರಚಿದ ಕೈಗೆ ಅವರೇ ಕೊಬ್ಬರಿ ಎಣ್ಣೆ ಹಚ್ಚಿ, ಎರಡು ದಿನ ರಜೆ ಕೊಟ್ಟು, ಕೂಲಿ ಮಾತ್ರ ಹಿಡಿಯಲಿಲ್ಲ. ಸಂಜೆ ಹೊತ್ತು ನನ್ನ ತಂಗಿ ಅವನಿಗೆ ‘ನನಗೆ’, ‘ನಾನು’ ಹೇಳ್ಕೊಟ್ಟಳು. ಅವನು “ಮುಝೆ”, “ಮೈಂ” ಅಂತ ಹಿಂದಿಯಲ್ಲಿ ಜೋಡಿಸ್ಕೊಂಡು ಒಂದೇ ಸಂಜೆಗೆ ಹಿಡಿದುಬಿಟ್ಟ. ಮೊನ್ನೆ ಛಠ್ ಹಬ್ಬಕ್ಕೆ ಊರಿಗೆ ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದ: “ಯಜಮಾನ್ರೇ, ಹೋಗಿ ಬರ್ತೀನಿ.”

ದೊಡ್ಡಪ್ಪ “ಹೂಂ, ಬಾಪ್ಪ” ಅಂದ್ರು. ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದ್ರು: “ಕನ್ನಡ ಬಂತಲ್ಲೋ ನಿಂಗೆ.”

ಇವತ್ತಿಗೆ ಇಷ್ಟೇ. ನಿಮ್ಮ ಮನೆಯಲ್ಲಿ, ನಿಮ್ಮ ಊರಿನ ಬಾಯಲ್ಲಿ ‘ಬರು’ ಬೇರೆ ಯಾವ ರೂಪದಲ್ಲಿ ಬರುತ್ತೆ? ‘ಬತ್ತೀನಿ’ಯಾ, ‘ಬರ್ತೇನಿ’ಯಾ? ವಾಯ್ಸ್ ಮೆಸೇಜ್ ಮಾಡಿ ಕಳಿಸಿ, ಮುಂದಿನ ವಾರ ಕೇಳಿಸ್ತೀವಿ. ಮುಂದಿನ ಸಂಚಿಕೆಯಲ್ಲಿ ‘ಆಗು’. ಹೋಗಿ ಬರ್ತೀನಿ, ನಮಸ್ಕಾರ.